ಕೋಟೆ ಓಣಿಯ ಮನೆಗೆ ಒಂದು ತಲಾಶಿ ಕಾಗದ

ನಮ್ಮಪ್ಪ ಕಮಲಾಪುರದ ಠಾಣೆಯಲ್ಲಿ ಅಮೀನರಾಗಿದ್ದರು. ಈಗ ಸಬ್ ಇನ್‌ಸ್ಪೆಕ್ಟರ್ ಅನ್ನುವವರನ್ನು ಹೈದರಾಬಾದ್ ಸಂಸ್ಥಾನದಲ್ಲಿ ಅಮೀನರು ಅನ್ನುತ್ತಿದ್ದರು. ನಾನು ಮೆಟ್ರಿಕ್ ಮುಗಿಸಿ ಕಲಬುರಗಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅಕ್ಕೋರಾಗಿ ಕಲಿಸುತ್ತಿದ್ದೆ. ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಸೋದರತ್ತೆಯ ಮನೆಯಿತ್ತು, ಅಲ್ಲಿಯೇ ನನ್ನ ವಾಸ. ಅಪ್ಪ ಅದಾಲತ್ತಿನ ಕೆಲಸಕ್ಕೆ ಬಸ್ ಹಿಡಿದು ಬಂದಾಗಲೆಲ್ಲ ಮೊದಲು ನನ್ನನ್ನು ಕಂಡು, ಕೈಚೀಲದಿಂದ ಕಮಲಾಪುರದ ಕೆಂಪು ಬಾಳೆಹಣ್ಣು ತೆಗೆದುಕೊಟ್ಟು, ಆಮೇಲೆ ಕಚೇರಿಗೆ ಹೋಗುತ್ತಿದ್ದರು.

ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಆಗಿ ಮೂರು ವರ್ಷ ಕಳೆದಿರಬೇಕು. ಒಂದು ದಿನ ಅಪ್ಪ ಬಂದಾಗ ಚೀಲದಿಂದ ಹಣ್ಣು ತೆಗೆಯಲೇ ಇಲ್ಲ. ಪಡಸಾಲೆಯಲ್ಲಿ ಕೂತು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರ ಹಿಂದೆ ಕಮಲಾಪುರದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಬಾಳೆತೋಟದಲ್ಲಿ ದುಡಿಯುವವಳು, ನಲವತ್ತರ ಆಸುಪಾಸು. ಒಳಗೆ ಬಾ ಎಂದರೂ ಬಾರದೆ ಹೊಸ್ತಿಲ ಹತ್ತಿರವೇ ಕೂತಳು.

"ಈಕಿ ಮಗಳು ಕಾಣವಲ್ಲಳು" ಎಂದರು ಅಪ್ಪ. "ಇದೇ ಊರಾಗ ಕೋಟಿ ಓಣ್ಯಾಗ ಕೊಟ್ಟಾರ. ಆ ಮನಿ ಹುಡುಕ್ಲಿಕ್ಕೆ ತಲಾಶಿ ಹುಕುಂ ಕೊಡ್ರಿ ಅಂತ ಅರ್ಜಿ ಕೊಟ್ಟಿದ್ದೆ, ಮ್ಯಾಜಿಸ್ಟ್ರೇಟ್ ಸಾಹೇಬ್ರು ತಿರುಗಿಸಿ ಕಳಿಸ್ಯಾರ."

ಅಪ್ಪನ ಅರ್ಜಿ ತಿರುಗಿ ಬಂದದ್ದನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. ಹಿಂದೆಲ್ಲ ಅಮೀನ ಅಂದರೆ ಯಾವ ಬಾಗಿಲಿಗೆ ಹೋಗಿ ನಿಂತರೂ ಅದು ತೆರೆಯುತ್ತಿತ್ತು. ಈಗ ಹೊಸ ಕಾಯ್ದೆ ಬಂದಿತ್ತು, ಅದರ ಜೊತೆಗೆ ಧಾರವಾಡದ ಕಡೆಯ ಹೊಸ ಮ್ಯಾಜಿಸ್ಟ್ರೇಟರೂ ಬಂದಿದ್ದರು. ಅವರಿಗೆ ಉರ್ದು ಓದಲು ಬರುತ್ತಿರಲಿಲ್ಲ. ಅಪ್ಪನೋ ಮೂವತ್ತು ವರ್ಷದಿಂದ ಬರೆದದ್ದೆಲ್ಲ ಉರ್ದು. ಕನ್ನಡ ಬಾಯಲ್ಲಿ ಮಾತ್ರ, ಕೈಯಲ್ಲಿ ಇರಲಿಲ್ಲ.

ಆ ತಾಯಿ ತನ್ನ ಮಗಳ ಸಂಗತಿ ಹೇಳಿದಳು. ಹುಡುಗಿಗೆ ಹದಿನೈದು ತುಂಬುವ ಹೊತ್ತಿಗೆ ಮದುವೆಯಾಗಿತ್ತು. ಅತ್ತೆ ವಿಧವೆ, ಗಂಡ ಅವಳ ಒಬ್ಬನೇ ಮಗ. ಮದುವೆಯಾಗಿ ಆರು ತಿಂಗಳಿಗೆ, ಊರೂರಲ್ಲಿ ಗದ್ದಲವೆದ್ದಾಗ, ಆ ಹುಡುಗ ಸಂಸ್ಥಾನದ ವಿರುದ್ಧ ಹೋರಾಡುವವರು ಗಡಿಯಾಚೆ ಹೂಡಿದ್ದ ಶಿಬಿರಕ್ಕೆ ಹೋಗಿ ಬರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ಕಾರ್ಯಾಚರಣೆ ಮುಗಿದು ಶಿಬಿರದ ಹುಡುಗರೆಲ್ಲ ಮನೆಗೆ ಬಂದರೂ ಇವನ ಸುದ್ದಿಯಿಲ್ಲ. ಎರಡು ವರ್ಷ ದಾರಿ ನೋಡಿ, ಮಗಳನ್ನು ಕರೆದುಕೊಂಡು ಹೋಗುತ್ತೇನೆಂದು ಈ ತಾಯಿ ಬಂದಾಗ ಬೀಗಿತಿ, ಅಂದರೆ ಹುಡುಗಿಯ ಅತ್ತೆ, "ಬಳಗದವರ ಸಂಗಡ ಯಾತ್ರಾಕ್ಕ ಹೋಗ್ಯಾಳ" ಎಂದಳಂತೆ. ತಿಂಗಳು ಬಿಟ್ಟು ಮತ್ತೆ ಬಂದಾಗ, "ಹೇಳದ ಕೇಳದ ಮನಿ ಬಿಟ್ಟು ಹೋಗ್ಯಾಳ. ಎಲ್ಲಿ ಹೋಗ್ಯಾಳೋ ನನಗೇನು ಗೊತ್ತು" ಎಂದು ಬಾಗಿಲು ಹಾಕಿಕೊಂಡಳಂತೆ.

"ನನ್ನ ಮಗಳು ಅಂಥಾಕಿ ಅಲ್ರಿ ಅಕ್ಕೋರ" ಎಂದಳು ತಾಯಿ. "ಆಕಿ ಒಳಗೇ ಅದಾಳ. ನನ್ನ ಜೀವ ಹೇಳ್ತದ."

"ಇದನ್ನೇ ನಾ ಬರದು ಕೊಟ್ಟಿದ್ದೆ" ಎಂದು ಅಪ್ಪ ನನ್ನ ಕಡೆ ನೋಡಿದರು. "ಅದಾಲತ್ತಿನ ಪೇಶಕಾರ ಓದಿ ಹೇಳಿದ. ಸಾಹೇಬ್ರು ಕೇಳಿದ್ರು, ಆಕಿ ಆ ಮನ್ಯಾಗ ಅದಾಳ ಅಂತ ಯಾರು ನೋಡ್ಯಾರ? ತಾಯಿಗೆ ಸಂಶಯ ಅದ ಅಂತ ಒಬ್ಬರ ಮನಿ ತಲಾಶಿಗೆ ಹುಕುಂ ಕೊಡ್ಲಿಕ್ಕೆ ಬರಂಗಿಲ್ಲ ಅಂದ್ರು."

ನಾನು ಸಿಟ್ಟಿನಿಂದ ಕೇಳಿದೆ, "ಹಾಂಗಾದ್ರ ನೀವೇ ಹೋಗಿ ನೋಡಬಹುದಲ್ಲಪ್ಪಾ? ಮೊದಲು ಹೋಗ್ತಿದ್ರಿ."

ಅಪ್ಪ ಟೊಪ್ಪಿಗೆಯನ್ನು ಪಕ್ಕಕ್ಕಿಟ್ಟರು. "ಹೋಗ್ತಿದ್ದೆ. ಆ ಗದ್ದಲದ ದಿನದಾಗ ಯಾರು ಯಾರ ಬಾಗಲಾ ಬೇಕಾದ್ರೂ ಒದ್ದು ಒಳಗ ಹೋಗ್ತಿದ್ರು. ಮೊದಲು ಒಂದು ಕಡೆಯವರು, ಆಮ್ಯಾಲೆ ಇನ್ನೊಂದು ಕಡೆಯವರು. ಏನ ಹುಡುಕ್ತೀರಿ ಅಂತ ಕೇಳವ್ರಿಲ್ಲ. ನಾ ಕಣ್ಣಾರೆ ನೋಡೀನಿ. ಈ ಧಾರವಾಡದವ್ರು ಕಾಗದ ಕೇಳಿದ್ರು ಅಂತ ನನಗ ಸಿಟ್ಟು ಬಂತು ಖರೇ. ಬಸ್ಸಿನ್ಯಾಗ ಕೂತು ವಿಚಾರ ಮಾಡಿದೆ. ಅವರು ಕೇಳಿದ್ದು ಬರೋಬ್ಬರಿ ಅದ."

ಇನ್ನೊಂದು ತೊಡಕೂ ಇತ್ತು. ಅಪ್ಪ ಕಮಲಾಪುರದ ಅಮೀನರು, ಮನೆ ಇರುವುದು ಕಲಬುರಗಿಯಲ್ಲಿ. ವಾರಂಟ್ ಇಲ್ಲದೆ ಆ ಓಣಿಯಲ್ಲಿ ಅವರೂ ಒಬ್ಬ ದಾರಿಹೋಕರೇ.

ತಾಯಿಯಿಂದ ಹುಡುಗಿಯ ಗುರುತು ಬರೆದುಕೊಂಡೆ. ಗೋಧಿ ಬಣ್ಣ, ತೆಳ್ಳಗೆ, ಬಲಗೆನ್ನೆಯ ಮೇಲೆ ಮಚ್ಚೆ. ಎಡಗೈ ಮಣಿಕಟ್ಟಿನ ಒಳಗಡೆ ಹಚ್ಚೆಯ ಚೇಳು, ಅದಕ್ಕೆ ಕೊಂಡಿಯಿಲ್ಲ. "ಹಚ್ಚಿ ಹಾಕುವಾಗ ಅಳಕೋತ ಕೈ ಕಸಗೊಂಡು ಓಡಿಬಿಟ್ಟಳ್ರಿ" ಎಂದು ತಾಯಿ ಮೊದಲ ಸಲ ನಕ್ಕಳು. "ಚೇಳು ಅರ್ಧಕ್ಕೇ ಉಳೀತು."

ಆ ವಾರದಲ್ಲಿಯೇ ಸೋದರತ್ತೆಯ ಮನೆಗೆ ಬಳೆಗಾರ್ತಿ ಬಂದಳು. ಐವತ್ತರ ಮುಸ್ಲಿಂ ಹೆಂಗಸು. ಬುರ್ಖಾದೊಳಗೆ ಬಳೆಯ ಮಲಾರ ಇಟ್ಟುಕೊಂಡು ಇಡೀ ಊರಿನ ಒಳಮನೆಗಳನ್ನು ಸುತ್ತುತ್ತಿದ್ದಳು. ಗಂಡಸರು ಕಾಲಿಡದ ಕಡೆಗೆಲ್ಲ ಅವಳಿಗೆ ಪ್ರವೇಶವಿತ್ತು. ನನ್ನ ಕೈಯನ್ನು ಒತ್ತಿ ಮೆತ್ತಗೆ ಮಾಡುತ್ತಿದ್ದಾಗ, ಕೋಟೆ ಓಣಿಗೂ ಹೋಗುತ್ತೀರಾ ಎಂದು ಕೇಳಿದೆ. ಹೋಗುತ್ತೇನೆಂದಳು. ಇಂಥ ವಿಧವೆಯ ಮನೆ ಎಂದೆ. ಅವಳ ಬೆರಳು ನಿಂತವು.

"ಆ ಮನೀದು ಯಾಕ ಕೇಳ್ತಿ ಬೇಟಿ?"

ನಾನು ಹೇಳಿದೆ. ಅವಳು ಬಳೆಯನ್ನು ಕೆಳಗಿಟ್ಟು, ಸೋದರತ್ತೆ ಹತ್ತಿರದಲ್ಲಿಲ್ಲವೆಂದು ನೋಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದಳು. ಎರಡು ತಿಂಗಳಿಗೊಮ್ಮೆ ಆ ಮನೆಯ ಯಜಮಾನಿ ಅವಳನ್ನು ಹಿತ್ತಲ ಬಾಗಿಲಿಗೆ ಕರೆಸುತ್ತಿದ್ದಳಂತೆ. ಒಳಗಿನ ಕೋಣೆಯ ಬಾಗಿಲನ್ನು ಕೈ ಹಿಡಿಸುವಷ್ಟೇ ತೆರೆದು, ಒಂದು ಎಳೆಯ ಕೈಗೆ ಹಸಿರು ಬಳೆ ಇಡಿಸುತ್ತಿದ್ದಳಂತೆ.

"ಮುಖ ನೋಡಿಲ್ಲ. ಹಾಥ್ ನೋಡೀನಿ, ಅಷ್ಟೇ. ಬಿಚ್ಚೂ, ಚೇಳು ಅದ ಇಲ್ಲಿ, ಬಾಲ ಇಲ್ಲದ್ದು" ಎಂದು ನನ್ನ ಮಣಿಕಟ್ಟಿನ ಮೇಲೆ ಬೆರಳಿಟ್ಟಳು. "ಹೋದ ಸಲ ಯಜಮಾನಿ ಎಣ್ಣಿ ತರ್ಲಿಕ್ಕೆ ಹೋದಾಗ ಆ ಹಾಥ್ ನನ್ನ ಹಾಥ್ ಹಿಡಕೊಂಡು ಬಿಡವಲ್ದು. 'ಕಮಲಾಪುರಕ್ಕ ಹೇಳ್ರಿ' ಅಂತು."

"ಮತ್ತ ನೀವು ಯಾರಿಗೂ ಹೇಳಲಿಲ್ಲೇನು?"

"ಯಾರಿಗೆ ಹೇಳ್ಲಿ ಬೇಟಿ? ಈ ದಿನದಾಗ ನಾ ಹೋಗಿ ಪೊಲೀಸರ ಮುಂದ ನಿಂತ್ರ ಮೊದಲು ನನ್ನೇ ಕೇಳ್ತಾರ, ನೀ ಯಾರು, ನಿನ್ನ ಗಂಡ ಎಲ್ಲಿ ಹೋದ ಅಂತ."

ಅವಳ ಗಂಡ ಎಲ್ಲಿ ಹೋದನೆಂದು ನಾನು ಕೇಳಲಿಲ್ಲ. ಕಾರ್ಯಾಚರಣೆಯ ದಿನಗಳಲ್ಲಿ ಅವಳ ಓಣಿಯ ಎಷ್ಟೋ ಗಂಡಸರು ಹೋದವರು ತಿರುಗಿ ಬಂದಿರಲಿಲ್ಲ.

ಅಪ್ಪನಿಗೆ ಬಸ್ ಚಾಲಕನ ಕೈಯಲ್ಲಿ ಉರ್ದುವಿನಲ್ಲಿ ಬರೆದ ಚೀಟಿ ಕಳಿಸಿದೆ. ಮರುದಿನ ಬೆಳಿಗ್ಗೆಯೇ ಬಂದರು. ಬಳೆಗಾರ್ತಿಯ ಮನೆಗೆ ನಾವಿಬ್ಬರೂ ಹೋದೆವು. ಅಪ್ಪ ಅಂಗಳದಲ್ಲಿಯೇ ನಿಂತು, ಪರದೆಯ ಆಚೆಗಿದ್ದ ಅವಳ ಜೊತೆ ಉರ್ದುವಿನಲ್ಲಿ ಮಾತಾಡಿದರು. ಸಾಕ್ಷಿ ಹೇಳಬೇಕಾಗುತ್ತದೆ, ಹೇಳಿದರೆ ಕೋಟೆ ಓಣಿಯ ಮನೆಗಳು ನಿಮ್ಮನ್ನು ಒಳಗೆ ಕರೆಯದಿರಬಹುದು, ಬಲವಂತವಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಪರದೆಯ ಹಿಂದೆ ಅವಳು ಬಳೆ ಜೋಡಿಸುವ ಸದ್ದು ಕೇಳುತ್ತಿತ್ತು. ಕೊನೆಗೆ, "ನಾಳೆ ಎಷ್ಟು ಗಂಟೆಗೆ ಬರಬೇಕು?" ಎಂದಷ್ಟೇ ಕೇಳಿದಳು.

ಆ ಸಂಜೆ ಅಪ್ಪ ಹೇಳುತ್ತ ಹೋದಂತೆ ನಾನು ಕನ್ನಡದಲ್ಲಿ ಅರ್ಜಿ ಬರೆದೆ. ಅಪ್ಪನ ಬಾಯಲ್ಲಿ ಕೈಫಿಯತ್, ಹುಲಿಯಾ, ಹದ್ದಿ ಎಂದು ಬಂದದ್ದನ್ನು ನಾನು ಹೇಳಿಕೆ, ಚಹರೆ, ಎಲ್ಲೆ ಎಂದು ಮಾಡುತ್ತಿದ್ದೆ. ಅವರು ಪ್ರತಿಯೊಂದು ಶಬ್ದಕ್ಕೂ, "ಅದಕ್ಕ ಹಾಂಗ ಅಂತಾರೇನು?" ಎಂದು ಬೆರಗಿನಿಂದ ಕೇಳುತ್ತಿದ್ದರು. ಯಾರು ಕಾಣೆಯಾದವರು, ಯಾವಾಗಿನಿಂದ, ಯಾವ ಮನೆಯಲ್ಲಿ ಇಟ್ಟಿದ್ದಾರೆಂದು ನಂಬಿಕೆ, ಆ ನಂಬಿಕೆಗೆ ಕಾರಣವೇನು, ಕಂಡವರು ಯಾರು. ಮನೆಯ ಮೂಡಲಿಗೆ ಏನು, ಪಡುವಲಿಗೆ ಏನು ಎಂಬುದನ್ನೂ ಬರೆಯಿಸಿದರು. "ಮನಿ ತಪ್ಪಿದ್ರ ಬಾಜೂದವ್ರಿಗೆ ತ್ರಾಸು" ಎಂದರು. ಬರೆದದ್ದನ್ನು ಮೂರು ಸಲ ಓದಿಸಿ ಕೇಳಿ, ಕೆಳಗೆ ಉರ್ದುವಿನಲ್ಲಿ ರುಜು ಹಾಕಿದರು.

ಅದಾಲತ್ತಿಗೆ ನಾನೂ ಹೋಗಿದ್ದೆ, ಹುಡುಗಿಯ ತಾಯಿಯೂ ಬಂದಿದ್ದಳು. ಮ್ಯಾಜಿಸ್ಟ್ರೇಟರು ಕನ್ನಡಕದ ಸಣಕಲು ಮನುಷ್ಯ. ಅರ್ಜಿ ಓದಿ, ಇದನ್ನು ಯಾರು ಬರೆದದ್ದು ಎಂದು ಕೇಳಿದರು. ಅಪ್ಪ, "ನನ್ನ ಮಗಳ್ರಿ, ಸಾಲ್ಯಾಗ ಕಲಿಸ್ತಾಳ" ಎಂದು ಸ್ವಲ್ಪ ಜಾಸ್ತಿಯೇ ಗಟ್ಟಿಯಾಗಿ ಹೇಳಿದರು. ನನಗೆ ನಾಚಿಕೆಯಾಯಿತು.

ಬಳೆಗಾರ್ತಿಗೆ ಪ್ರಮಾಣ ಮಾಡಿಸಿದರು. ಕಂಡ ಕೈ, ಅದರ ಮೇಲಿನ ಚೇಳು, ಕೇಳಿದ ಮಾತು ಎಲ್ಲವನ್ನೂ ಅವಳು ಹೇಳಿದಳು.

"ನೀವು ಕೈ ಅಷ್ಟ ನೋಡೀರಿ. ಆ ಹುಡುಗಿ ತಾನಾಗೇ ಒಳಗ ಕೂತಿರಬಹುದಲ್ಲ?" ಎಂದರು ಮ್ಯಾಜಿಸ್ಟ್ರೇಟರು.

"ತಾನಾಗೇ ಕೂತಾಕಿ ಕಮಲಾಪುರಕ್ಕ ಹೇಳ್ರಿ ಅಂತ ಯಾಕ ಅಂತಾಳ ಸಾಬ್? ಮತ್ತ ಬಾಗಲಾಕ್ಕ ಹೊರಗಿಂದ ಕುಲುಪ ಅದ. ಬಳಿ ಇಡಿಸಿದ ಮ್ಯಾಲೆ ಯಜಮಾನಿ ನನ್ನ ಕಣ್ಣ ಮುಂದೇ ಹಾಕ್ತಾಳ."

ಬೀಗದ ಮಾತನ್ನು ಅವಳು ನಮಗೂ ಹೇಳಿರಲಿಲ್ಲ. ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಹುಡುಗಿಯ ತಾಯಿಯನ್ನು ಬೇರೆಯಾಗಿ ಕರೆದು ಹಚ್ಚೆಯ ಗುರುತು ಕೇಳಿದರು. ಅವಳು ಚೇಳಿನ ಕಥೆ ಹೇಳಿದಳು. ಎರಡೂ ಹೇಳಿಕೆ ತಾಳೆಯಾದವು.

"ಒಬ್ಬರನ್ನ ಅನ್ಯಾಯದಿಂದ ಕೂಡಿಹಾಕ್ಯಾರ ಅಂತ ನಂಬಲಿಕ್ಕೆ ಕಾರಣ ಇದ್ರ ತಲಾಶಿ ವಾರಂಟ್ ಕೊಡ್ಲಿಕ್ಕೆ ಕಾಯ್ದೆದಾಗ ಅವಕಾಶ ಐತಿ" ಎಂದು ಅವರು ಅಪ್ಪನಿಗೆ ಹೇಳಿದರು. "ಹೋದ ಸಲ ಕಾರಣ ಇರಲಿಲ್ಲ. ಇವತ್ತ ಐತಿ. ಆದ್ರ ಅಮೀನ ಸಾಹೇಬ್ರ, ಹಗಲು ಹೋಗ್ರಿ. ಈ ಊರಿನ ಠಾಣೆಯವರನ್ನ ಕರಕೊಂಡು ಹೋಗ್ರಿ. ಓಣ್ಯಾಗಿನ ಇಬ್ಬರು ಮರ್ಯಾದಸ್ಥರನ್ನ ಪಂಚರು ಮಾಡಿಕೊಳ್ರಿ. ಒಳಗ ಹೆಣ್ಣುಮಕ್ಕಳು ಇರತಾರ, ಅವರಿಗೆ ಸರಿದು ಕೂಡಲಿಕ್ಕೆ ವ್ಯಾಳ್ಯಾ ಕೊಡ್ರಿ. ಹುಡುಗಿ ಸಿಕ್ಕ ಕೂಡಲೇ ನೇರ ನನ್ನ ಮುಂದ ತರ್ರಿ. ಠಾಣೆಗೂ ಬ್ಯಾಡ, ತಾಯಿ ಮನಿಗೂ ಬ್ಯಾಡ."

ಒಳಗೆ ಹೋಗಲು ಒಬ್ಬ ಹೆಂಗಸು ಬೇಕಲ್ಲ ಎಂದು ಅಪ್ಪ ಕೇಳಿದರು. ಆಗ ಹೆಣ್ಣು ಪೊಲೀಸರು ನಮ್ಮ ಕಡೆ ಇರಲಿಲ್ಲ. ಮ್ಯಾಜಿಸ್ಟ್ರೇಟರು ನನ್ನತ್ತ ನೋಡಿ, "ಅಕ್ಕೋರು ಹೋಗಬಹುದು, ಅವರ ಒಪ್ಪಿಗಿ ಇದ್ರ" ಎಂದರು.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ನಾವು ಕೋಟೆ ಓಣಿಯಲ್ಲಿದ್ದೆವು. ಅಪ್ಪ, ಊರಿನ ಠಾಣೆಯ ಅಮೀನರು, ಇಬ್ಬರು ಪೊಲೀಸ್ ಜವಾನರು. ಪಂಚರಾಗಿ ಓಣಿಯ ಒಬ್ಬ ದರ್ಜಿ ಮತ್ತು ನಿವೃತ್ತ ಮಾಸ್ತರರು ಬಂದಿದ್ದರು. ಅಪ್ಪ ಬಾಗಿಲು ತಟ್ಟಿ ಮೂರು ಹೆಜ್ಜೆ ಹಿಂದೆ ಸರಿದು ನಿಂತರು. ಅವರ ಕೈಯಲ್ಲಿ ವಾರಂಟ್ ಇತ್ತು. ಮೂವತ್ತು ವರ್ಷದ ನೌಕರಿಯಲ್ಲಿ ಅವರು ಒಂದು ಬಾಗಿಲಿನ ಮುಂದೆ ಹೀಗೆ ಕಾಯುತ್ತ ನಿಂತದ್ದು ಅದೇ ಮೊದಲಿರಬೇಕು.

ಬಾಗಿಲು ತೆರೆದವಳು ಆ ಅತ್ತೆ. ನಾನು ಮನಸ್ಸಿನಲ್ಲಿ ದಪ್ಪ ದನಿಯ, ಗಟ್ಟಿ ಮೈಯ ಹೆಂಗಸನ್ನು ಕಟ್ಟಿಕೊಂಡಿದ್ದೆ. ಬಂದವಳು ಮೊಣಕಾಲು ಹಿಡಿದುಕೊಂಡು ನಡೆಯುವ ಸಣ್ಣ ಜೀವ. ಪೊಲೀಸರನ್ನು ಕಂಡ ಕೂಡಲೇ ಅವಳ ಮುಖ ಅರಳಿತು. ಅದನ್ನು ನಾನು ಮರೆತಿಲ್ಲ.

"ನನ್ನ ಮಗನ ಸುದ್ದಿ ತಂದೀರೇನ್ರಿ?" ಎಂದಳು.

ಅಪ್ಪ ಊರಿನ ಅಮೀನರ ಕಡೆ ನೋಡಿದರು. ಊರಿನ ಅಮೀನರು, "ಇಲ್ಲವ್ವಾ, ನಿನ್ನ ಸೊಸಿ ಸಲುವಾಗಿ ಬಂದೀವಿ. ತಲಾಶಿಗೆ ಹುಕುಂ ಅದ" ಎಂದರು. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, "ಏನ್ ಬರದದ, ಓದ್ರಿ" ಎಂದಳು. ಅಪ್ಪನಿಗೆ ಕನ್ನಡ ಓದಲು ಬಾರದೆಂದು ನಾನೇ ಓದಿದೆ. ಅವಳು ತಲೆ ತಗ್ಗಿಸಿ ಪೂರ್ತಿ ಕೇಳಿದಳು. ಓದಿ ಮುಗಿದ ಮೇಲೆ, ನಮಗಿಂತ ಮೊದಲು ತಾನೇ ಒಳಗೆ ನಡೆದು, ಸೊಂಟದಿಂದ ಬೀಗದ ಕೈ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು.

"ನೀನೇ ತೆಗಿ ತಂಗಿ. ನನ್ನ ಕೈಲೆ ಆಗಂಗಿಲ್ಲ."

ಕೋಣೆ ಸ್ವಚ್ಛವಾಗಿತ್ತು. ಮೇಲೆ ಒಂದು ಗವಾಕ್ಷಿ, ಅದರ ಬೆಳಕು ಎದುರು ಗೋಡೆಗೆ ಬಿದ್ದಿತ್ತು. ಹುಡುಗಿ ಚಾಪೆಯ ಮೇಲಿಂದ ಎದ್ದು ನಿಂತಳು. ತಲೆಗೆ ಎಣ್ಣೆ ಹಚ್ಚಿ ಹೆಣೆದಿತ್ತು, ಹಣೆಯಲ್ಲಿ ಕುಂಕುಮ, ಕೈ ತುಂಬ ಹಸಿರು ಬಳೆ. ಪಕ್ಕದಲ್ಲಿ ತಾಟಿನೊಳಗೆ ಅರ್ಧ ತಿಂದ ರೊಟ್ಟಿ. ಬೆಳಕಿಗೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು.

"ನಮ್ಮವ್ವ ಬಂದಾಳೇನ್ರಿ?"

"ಅದಾಲತ್ತಿನ್ಯಾಗ ಕೂತಾಳ. ನಿನ್ನ ದಾರಿ ನೋಡ್ಲಕತ್ತಾಳ" ಎಂದೆ. ಅವಳು ನನ್ನ ಭುಜಕ್ಕೆ ಹಣೆಯಿಟ್ಟು ನಿಂತುಬಿಟ್ಟಳು. ಅಳಲಿಲ್ಲ. ಉಸಿರು ಮಾತ್ರ ಜೋರಾಗಿ ಬರುತ್ತಿತ್ತು.

ಹೊರಗೆ ಪಂಚನಾಮೆ ಬರೆಯುತ್ತಿದ್ದರು. ಅತ್ತೆ ಅಂಗಳದಲ್ಲಿ ಕುಕ್ಕರಿಸಿ ಕೂತಿದ್ದಳು. ಯಾಕೆ ಹೀಗೆ ಮಾಡಿದೆ ಎಂದು ಮಾಸ್ತರರು ಕೇಳಿದರು.

"ಅವರವ್ವ ಆಕಿನ್ನ ಉಡಿಕಿ ಮಾಡಿ ಕೊಡ್ತೀನಿ ಅಂತ ಮಂದಿ ಮುಂದ ಅಂದಳಂತ" ಎಂದಳು. ಉಡಿಕೆ ಅಂದರೆ ವಿಧವೆಯರ ಮರುಮದುವೆ. "ನನ್ನ ಮಗ ಸತ್ತಾನಂತ ಯಾರು ನೋಡ್ಯಾರ? ಆಕಿ ಬಳಿ ಇಟಗೊಂಡು ಈ ಮನ್ಯಾಗ ಇರೋತನಕ ನನ್ನ ಮಗ ಅದಾನ. ಆಕಿ ಹೋದ್ಲಂದ್ರ ಅವ ಹೋದ."

ಅವಳು ಅಪ್ಪನ ಕಡೆ ತಿರುಗಿದಳು.

"ಸಾಹೇಬ್ರ, ಈಕಿನ್ನ ಹುಡುಕ್ಲಿಕ್ಕೆ ಕಾಗದ ಮಾಡಿಸಿದ್ರಿ. ನನ್ನ ಮಗನ್ನ ಹುಡುಕ್ಲಿಕ್ಕೂ ಒಂದು ಮಾಡಿಸ್ರಿ."

ಅಪ್ಪ ಅಲ್ಲಿಯೇ ಕಟ್ಟೆಯ ಮೇಲೆ ಕೂತರು. ತಲಾಶಿಗೆ ಮನೆ ಗೊತ್ತಿರಬೇಕು, ಯಾವ ಊರು, ಯಾವ ಬಾಗಿಲು ಎಂದು ಹೇಳಬೇಕು ಎಂಬುದನ್ನು ಸಣ್ಣ ಹುಡುಗರಿಗೆ ಹೇಳುವಂತೆ ಬಿಡಿಸಿ ಹೇಳಿದರು. ಅವಳಿಗೆ ಯಾವ ಊರೂ ಗೊತ್ತಿರಲಿಲ್ಲ. ಆಗ ಅಪ್ಪ, "ಇರ್ಲಿ. ಮೊದಲು ಹುಲಿಯಾ ಬರಕೊಳ್ಳೋಣ" ಎಂದು ನನಗೆ ಕಾಗದ ಕೊಟ್ಟರು. ಮಗನ ವಯಸ್ಸು, ಎತ್ತರ, ಹೋಗುವಾಗ ತೊಟ್ಟಿದ್ದ ಅಂಗಿ. ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಅವನಿಗೆ ಬದನೆಕಾಯಿ ಸೇರುವುದಿಲ್ಲ, ಮಲಗಿದರೆ ಎಡಗೈ ತಲೆಯ ಕೆಳಗಿರುತ್ತದೆ, ಯಾರಾದರೂ ಬೈದರೆ ನಕ್ಕುಬಿಡುತ್ತಾನೆ ಎಂದೆಲ್ಲ ಹೇಳಿದಳು. ಬರೆಯಲೋ ಬೇಡವೋ ಎಂದು ಅಪ್ಪನ ಮುಖ ನೋಡಿದೆ. "ಎಲ್ಲಾ ಬರಿ" ಎಂದರು. ಊರಿನ ಅಮೀನರು ಒಮ್ಮೆ ಗಡಿಯಾರ ನೋಡಿಕೊಂಡರು.

ಅದಾಲತ್ತಿನಲ್ಲಿ ಹುಡುಗಿಯನ್ನು ಮ್ಯಾಜಿಸ್ಟ್ರೇಟರು ಹತ್ತಿರ ಕರೆದು, ಎಲ್ಲಿಗೆ ಹೋಗುತ್ತೀ ಎಂದು ಕೇಳಿದರು. ಅತ್ತೆ ಮತ್ತು ತಾಯಿ ಇಬ್ಬರೂ ಎರಡು ಕಂಬಗಳ ಹತ್ತಿರ ನಿಂತಿದ್ದರು. ಹುಡುಗಿ ಇಬ್ಬರನ್ನೂ ನೋಡಿ, "ಕಮಲಾಪುರಕ್ಕರಿ" ಎಂದಳು.

"ಅತ್ತಿ ಮ್ಯಾಲೆ ಖಟ್ಲೆ ನಡಸ್ತೀಯೇನು?"

"ಬ್ಯಾಡ್ರಿ. ಹೊಡದಿಲ್ರಿ ನನಗ. ತಾ ಉಪಾಸ ಇದ್ದು ನನಗ ಉಣಸ್ಯಾಳ. ಬಾಗಲಾ ಅಷ್ಟೇ ತೆಗೀಲಿಲ್ಲ."

"ಅದೇ ತಪ್ಪು ತಂಗಿ" ಎಂದರು ಅವರು ಮೆಲ್ಲಗೆ. ಹುಡುಗಿಯ ಒಪ್ಪಿಗೆಯಿಂದ ರಾಜಿ ಬರೆಸಿ, ಇನ್ನೊಮ್ಮೆ ಹೀಗಾದರೆ ಶಿಕ್ಷೆ ತಪ್ಪುವುದಿಲ್ಲವೆಂದು ಅತ್ತೆಗೆ ಹೇಳಿ ಬಿಟ್ಟರು. ತಾಯಿ ಮಗಳ ಕೈ ಹಿಡಿದುಕೊಂಡವಳು ಕಮಲಾಪುರದ ಬಸ್ಸು ಹತ್ತುವ ತನಕ ಬಿಡಲಿಲ್ಲ.

ಬಳೆಗಾರ್ತಿಗೆ ಕೋಟೆ ಓಣಿಯ ಬಾಗಿಲುಗಳು ಮುಚ್ಚಿದ್ದು ನಿಜ. ನಮ್ಮ ಶಾಲೆಯ ಅಕ್ಕೋರುಗಳನ್ನೆಲ್ಲ ನಾನು ಅವಳಿಗೆ ಪರಿಚಯಿಸಿದೆ. ಅಷ್ಟೇ ನನ್ನಿಂದ ಆದದ್ದು. ಹುಡುಗಿ ಎರಡು ವರ್ಷ ತಾಯಿಯ ಜೊತೆ ತೋಟದಲ್ಲಿ ದುಡಿದು, ತಾನೇ ಒಪ್ಪಿದ ಮೇಲೆ, ಅದೇ ಊರಿನ ಗಾಡಿ ಹೊಡೆಯುವವನೊಬ್ಬನನ್ನು ಉಡಿಕೆಯಾದಳು. ಅಪ್ಪ ಅದಕ್ಕೆ ಹೋಗಿ ಬಂದರು. ಹೋಗುವ ಮೊದಲು ಕೋಟೆ ಓಣಿಗೆ ಹೋಗಿ ಅತ್ತೆಗೆ ತಿಳಿಸಿದ್ದರೆಂದು ನನಗೆ ಎಷ್ಟೋ ದಿನದ ಮೇಲೆ ಗೊತ್ತಾಯಿತು.

ಮಗನ ಚಹರೆಯನ್ನು ಅಪ್ಪ ಗಡಿಯ ಠಾಣೆಗಳಿಗೆಲ್ಲ ಕಳಿಸಿದರು. ಎರಡು ಕಡೆಯಿಂದ ಇಂಥವನು ಇಲ್ಲ ಎಂಬ ಉತ್ತರ ಬಂತು. ಉಳಿದ ಕಡೆಯಿಂದ ಅದೂ ಬರಲಿಲ್ಲ. ಆದರೂ ಕಲಬುರಗಿಗೆ ಬಂದಾಗಲೆಲ್ಲ ಅಪ್ಪ ಆ ಮನೆಗೆ ಹೋಗಿ ಬರುತ್ತಿದ್ದರು. ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಅಪ್ಪನ ನಿವೃತ್ತಿಯೂ ಬಂತು. ಆಗೊಮ್ಮೆ ನನ್ನನ್ನೂ ಕರೆದುಕೊಂಡು ಹೋದರು.

ಬಾಗಿಲು ತೆರೆದೇ ಇತ್ತು. ಅವಳು ಇನ್ನಷ್ಟು ಸಣ್ಣಗಾಗಿದ್ದಳು.

"ಏನರ ಸುದ್ದಿ ಬಂತೇನ್ರಿ ಸಾಹೇಬ್ರ?"

"ಇನ್ನೂ ಬಂದಿಲ್ಲವ್ವಾ" ಎಂದರು ಅಪ್ಪ. ಇನ್ನು ಬರುವುದಿಲ್ಲ ಎಂದು ಅವರು ಹೇಳಲಿಲ್ಲ. ತಾನು ನೌಕರಿಯಲ್ಲಿಲ್ಲವೆಂದೂ ಹೇಳಲಿಲ್ಲ.

ತಿರುಗಿ ಹೋಗುವಾಗ ಅಪ್ಪನನ್ನು ಕೇಳಬೇಕೆಂದುಕೊಂಡೆ, ಹೀಗೆ ಆಸೆ ಹುಟ್ಟಿಸಿ ಹೋಗುವುದು ಸರಿಯೇ ಎಂದು. ಅಷ್ಟರಲ್ಲಿ ಅವಳು ಅಪ್ಪನಿಗೆ ಮಣೆ ಹಾಕಿ, ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿ ಎದುರಿಗೆ ಕೂತು, ಮಗ ಮೂರು ವರ್ಷದವನಿದ್ದಾಗ ಗುಡಿಯ ಜಂಗುಳಿಯಲ್ಲಿ ತಪ್ಪಿಸಿಕೊಂಡು ಒಬ್ಬ ಹೂಗಾರನ ಬುಟ್ಟಿಯೊಳಗೆ ನಿದ್ದೆ ಮಾಡಿದ್ದ ಕಥೆ ಹೇಳತೊಡಗಿದಳು. ಅಪ್ಪ ಅದನ್ನು ಎಷ್ಟು ಸಲ ಕೇಳಿದ್ದರೋ ಏನೋ. ತುತ್ತು ಕೈಯಲ್ಲಿ ಹಿಡಿದು, "ಆಮ್ಯಾಲೆ?" ಎಂದರು. ಅವಳು ನಗುತ್ತ ಮುಂದುವರಿಸಿದಳು. ನಾನೂ ತಾಟು ಎಳೆದುಕೊಂಡು ಕೂತೆ.